ಗಿಡವಾಗಿ ಬಗ್ಗುವ ಮೇಪಲ್



'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಕ್ಕಳು ಹೇಳಿದ ಮಾತು ಕೇಳದಿದ್ದಾಗ ಮನೆಯಲ್ಲೂ ಶಾಲೆಯಲ್ಲೂ ನಾವು ಹಿರಿಯರು ಇದನ್ನು ತಪ್ಪದೆ ನೆನಪಿಸುತ್ತೇವೆ. ಆದರೆ ಗಿಡವನ್ನು ನಿಜವಾಗಿಯೂ ಬಗ್ಗಿಸುವವರು ಆ ಕೆಲಸವನ್ನು ಹೇಗೆ ಮಾಡುತ್ತಾರೆ ಎಂದು ವಿಚಾರಿಸುವುದು ಕಡಿಮೆ. ಈ ಪಾಠದಲ್ಲಿ ಜಪಾನಿನ ಮೇಪಲ್ ಮರವನ್ನು ಬೋನ್ಸಾಯ್ ಆಗಿ ಬೆಳೆಸುವ ಕ್ರಮವನ್ನು ತಿಳಿಯೋಣ.

ಬೋನ್ಸಾಯ್ ಎಂದರೇನು?

ಜಪಾನಿ ಭಾಷೆಯಲ್ಲಿ 'ಬೋನ್' ಎಂದರೆ ತಟ್ಟೆಯಂತಹ ಕುಂಡ, 'ಸಾಯ್' ಎಂದರೆ ನೆಡುವುದು. ಕನ್ನಡದಲ್ಲಿ ಇದನ್ನು ಕುಬ್ಜ ಮರ, ವಾಮನ ವೃಕ್ಷ ಎಂದು ಕರೆಯುವುದುಂಟು. ಈ ಕಲೆಯ ಮೂಲ ಚೀನಾ ದೇಶ. ಅಲ್ಲಿ ಇದಕ್ಕೆ 'ಪೆನ್‌ಜಿಂಗ್' ಎಂದು ಹೆಸರು. 1923ರ ಮಹಾ ಭೂಕಂಪದ ನಂತರ ಟೋಕಿಯೋ ನಗರದ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿಯನ್ನು ಅರಸಿ ಓಮಿಯಾ ಎಂಬಲ್ಲಿಗೆ ಹೋದರು. 1925ರಲ್ಲಿ ಅಲ್ಲಿ ಬೋನ್ಸಾಯ್ ಗ್ರಾಮವೇ ಹುಟ್ಟಿಕೊಂಡಿತು.

ಬೋನ್ಸಾಯ್ ಎಂಬುದು ಬೇರೆಯೇ ಒಂದು ಜಾತಿಯ ಮರವಲ್ಲ. ಸಾಧಾರಣ ಮರವನ್ನೇ ಬೇರು ಮತ್ತು ಕೊಂಬೆಗಳನ್ನು ಸವರಿ, ಚಿಕ್ಕ ಕುಂಡದಲ್ಲಿ ಚಿಕ್ಕದಾಗಿಯೇ ಉಳಿಸುತ್ತಾರೆ. ಅದೇ ಮರವನ್ನು ನೆಲದಲ್ಲಿ ನೆಟ್ಟರೆ ಮತ್ತೆ ಎತ್ತರಕ್ಕೆ ಬೆಳೆಯುತ್ತದೆ.

ಅಂಗೈಯಂತಹ ಎಲೆ

ಜಪಾನಿನ ಮೇಪಲ್‌ನ ಸಸ್ಯಶಾಸ್ತ್ರೀಯ ಹೆಸರು ಏಸರ್ ಪಾಲ್ಮಾಟಮ್. 'ಪಾಲ್ಮಾಟಮ್' ಎಂದರೆ ಅಂಗೈಯ ಆಕಾರದ್ದು. ಈ ಹೆಸರನ್ನು ಕೊಟ್ಟವರು 1775ರಲ್ಲಿ ಜಪಾನಿಗೆ ಹೋಗಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬರ್ಗ್. ಎಲೆಯಲ್ಲಿ ಸಾಮಾನ್ಯವಾಗಿ ಐದು, ಏಳು ಅಥವಾ ಒಂಬತ್ತು ಬೆರಳುಗಳಿರುತ್ತವೆ. ಜಪಾನಿಯರು ಇದನ್ನು 'ಮೊಮಿಜಿ' ಎನ್ನುತ್ತಾರೆ. ಶರತ್ಕಾಲದಲ್ಲಿ ಎಲೆಯ ಹಸಿರು ಕರಗಿ, ಆಂಥೋಸಯನಿನ್ ಎಂಬ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಬಣ್ಣ ಇನ್ನೂ ಚೆನ್ನ.

ಬೆಳೆಸುವ ಹಂತಗಳು

1. ಬೀಜ: ಮೇಪಲ್ ಬೀಜಕ್ಕೆ ರೆಕ್ಕೆ ಇರುತ್ತದೆ. ಅದನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನಲ್ಲಿಟ್ಟು, ಮೂರು ನಾಲ್ಕು ತಿಂಗಳು ಫ್ರಿಜ್ಜಿನ ತಂಪಿನಲ್ಲಿಡಬೇಕು. ಚಳಿಗಾಲ ಕಳೆಯಿತೆಂದು ತಿಳಿದ ಮೇಲೆಯೇ ಬೀಜ ಮೊಳೆಯುತ್ತದೆ.

2. ಮಣ್ಣು ಮತ್ತು ಬೇರು: ನೀರು ನಿಲ್ಲದ, ಹರಳು ಹರಳಾದ ಮಣ್ಣು ಬೇಕು. ಜಪಾನಿನಲ್ಲಿ 'ಅಕಾದಾಮಾ' ಎಂಬ ಮಣ್ಣಿನ ಹರಳುಗಳನ್ನು ಬಳಸುತ್ತಾರೆ. ಎರಡು ಮೂರು ವರ್ಷಗಳಿಗೊಮ್ಮೆ, ವಸಂತದ ಆರಂಭದಲ್ಲಿ ಮೊಗ್ಗು ಉಬ್ಬುವಾಗ, ಗಿಡವನ್ನು ಕುಂಡದಿಂದ ತೆಗೆದು ಬೇರು ಸವರಿ ಹೊಸ ಮಣ್ಣಿಗೆ ಹಾಕುತ್ತಾರೆ. ಕಾಂಡದ ಬುಡದಿಂದ ಬೇರುಗಳು ಸುತ್ತಲೂ ಹರಡಿಕೊಂಡಿರುವುದೇ ಈ ಮರದ ಅಂದ.

3. ಚಿಗುರು ಚಿವುಟುವುದು: ಮೇಪಲ್ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಮೊದಲ ಜೋಡಿ ಬಿಚ್ಚಿಕೊಳ್ಳುತ್ತಿದ್ದಂತೆ ನಡುವಿನ ಎಳೆ ಚಿಗುರನ್ನು ಚಿಮಟದಿಂದ ತೆಗೆಯಬೇಕು. ಆಗ ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಕೊಂಬೆ ಸಣ್ಣದಾಗಿ ಕವಲೊಡೆಯುತ್ತದೆ. ಒಂದು ವಾರ ತಡವಾದರೂ ಚಿಗುರು ಉದ್ದವಾಗಿಬಿಡುತ್ತದೆ.

4. ಕೊಂಬೆ ಕತ್ತರಿಸುವುದು: ದಪ್ಪ ಕೊಂಬೆಗಳನ್ನು ವಸಂತದ ಹೊಸ್ತಿಲಲ್ಲಿ ಕತ್ತರಿಸಬಾರದು, ಗಾಯದಿಂದ ರಸ ಸುರಿಯುತ್ತದೆ. ಎಲೆ ಉದುರಿದ ಮೇಲೆ ಅಥವಾ ಬೇಸಿಗೆಯ ನಡುವೆ ಕತ್ತರಿಸಿ, ಗಾಯಕ್ಕೆ ಲೇಪ ಹಚ್ಚಬೇಕು.

5. ತಂತಿ ಸುತ್ತುವುದು: ಗಾದೆಯ ಮಾತು ಇಲ್ಲಿಗೇ ಬರುತ್ತದೆ. ಕೊಂಬೆಯ ಮೂರರಲ್ಲಿ ಒಂದು ಪಾಲಿನಷ್ಟು ದಪ್ಪದ ಮೆತ್ತನೆಯ ಅಲ್ಯುಮಿನಿಯಂ ತಂತಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಸುತ್ತಿ, ಕೊಂಬೆಯನ್ನು ನಿಧಾನವಾಗಿ ಬಾಗಿಸುತ್ತಾರೆ. ಮೇಪಲ್‌ನ ತೊಗಟೆ ಬಹಳ ಮೃದು. ಬೆಳೆಯುವ ಕಾಲದಲ್ಲಿ ಕೆಲವೇ ವಾರಗಳಲ್ಲಿ ತಂತಿ ಒಳಗೆ ಕಚ್ಚಿಕೊಂಡು, ವರ್ಷಗಟ್ಟಲೆ ಮಾಸದ ಕಲೆ ಉಳಿಸುತ್ತದೆ. ಆದ್ದರಿಂದ ವಾರ ವಾರವೂ ನೋಡುತ್ತಿರಬೇಕು. ತೆಗೆಯುವಾಗ ತಂತಿಯನ್ನು ಬಿಚ್ಚಲು ಎಳೆದಾಡದೆ, ತುಂಡು ತುಂಡಾಗಿ ಕತ್ತರಿಸುತ್ತಾರೆ. ತಂತಿ ಹಾಳಾದರೂ ಚಿಂತೆಯಿಲ್ಲ, ಕೊಂಬೆ ಉಳಿಯಬೇಕು.

6. ಬಿಸಿಲು ಮತ್ತು ನೀರು: ಬೆಳಗಿನ ಎಳೆಬಿಸಿಲು ಹಿತ. ಮಧ್ಯಾಹ್ನದ ಬಿಸಿಲಿಗೂ ಒಣಗಾಳಿಗೂ ಎಲೆಯಂಚು ಸುಟ್ಟುಹೋಗುತ್ತದೆ. ತಟ್ಟೆಯಂತಹ ಕುಂಡದ ಮಣ್ಣು ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗಬಹುದು.

ನಮ್ಮ ಬಾಲ್ಕನಿಯಲ್ಲಿ ಸಾಧ್ಯವೇ?

ನಾವಿರುವ ಈ ಕೊಲ್ಲಿ ನಾಡಿನಲ್ಲಿ ಬೇಸಿಗೆ 45 ಡಿಗ್ರಿ ದಾಟುತ್ತದೆ. ಫ್ರಿಜ್ಜಿನ ತಂಪಿನಿಂದ ಮೇಪಲ್ ಬೀಜ ಮೊಳೆತೀತು. ಆದರೆ ಪ್ರತಿ ವರ್ಷ ಎಲೆ ಉದುರಿಸಿ ವಿಶ್ರಾಂತಿ ಪಡೆಯಲು ಬೇಕಾದ ಚಳಿಗಾಲವನ್ನು ನಾವು ಕೊಡಲಾರೆವು. ಹವಾನಿಯಂತ್ರಿತ ಕೋಣೆಯೂ ಅದಕ್ಕೆ ಬದಲಿಯಲ್ಲ. ಹಾಗಾಗಿ ಇಲ್ಲಿ ಕಲಿಯಬಯಸುವವರು ನಮ್ಮ ಆಲ, ಅರಳಿ, ಅತ್ತಿಗಳ ಬಳಗದ ಫೈಕಸ್ ಗಿಡವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಚಳಿ ಬೇಡ, ಸವರಿದರೂ ಬೇಗ ಚಿಗುರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ಮಾತ್ರ ಗಿಡವನ್ನು ನಂಬಿಕೆಯ ನೆರೆಮನೆಯವರಿಗೆ ಒಪ್ಪಿಸಿ ಹೋಗಬೇಕು. ಊರಿಗೆ ಹೋದಾಗ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಬೋನ್ಸಾಯ್ ತೋಟವನ್ನು ಮಕ್ಕಳಿಗೆ ತೋರಿಸಿ.

ಪೋಷಕರಿಗೆ ಒಂದು ಮಾತು

ಬೋನ್ಸಾಯ್ ಬಲ್ಲವರು ಬಾಡಿದ ಗಿಡಕ್ಕೆ ಕತ್ತರಿ ತಾಗಿಸುವುದಿಲ್ಲ. ಮೊದಲು ಅದು ಚೇತರಿಸಿಕೊಳ್ಳಲಿ ಎಂದು ಕಾಯುತ್ತಾರೆ. ಬೇರು, ಕೊಂಬೆ, ಎಲೆ ಎಲ್ಲವನ್ನೂ ಒಟ್ಟಿಗೆ ಸವರುವುದಿಲ್ಲ. ನಾವೋ, ಒಂದೇ ವರ್ಷದಲ್ಲಿ ಟ್ಯೂಷನ್, ಅಬ್ಯಾಕಸ್, ಸಂಗೀತ, ಕರಾಟೆ, ಜೊತೆಗೆ ಕನ್ನಡ ಎಲ್ಲವನ್ನೂ ಮಗುವಿಗೆ ಸುತ್ತುತ್ತೇವೆ. ಶಿಸ್ತು ಬೇಡವೆಂದಲ್ಲ, ತಂತಿ ಇಲ್ಲದೆ ಕೊಂಬೆ ಬಾಗುವುದಿಲ್ಲ. ಆದರೆ ಕಟ್ಟಿದ ಕೈಯೇ ಅದು ಎಲ್ಲಿ ಕಚ್ಚುತ್ತಿದೆ ಎಂದು ನೋಡುತ್ತಿರಬೇಕು, ಹೊತ್ತಿಗೆ ಸರಿಯಾಗಿ ಬಿಡಿಸಲೂಬೇಕು. ಮುಂದೆ ಆ ಗಾದೆ ಹೇಳುವಾಗ ಇದನ್ನೂ ನೆನೆಯೋಣ.

ಯೋಚಿಸಿ ಉತ್ತರಿಸಿರಿ

1. ಮೇಪಲ್ ಬೀಜವನ್ನು ತಂಪಿನಲ್ಲಿ ಇಡುವುದೇಕೆ?
2. ತಂತಿಯನ್ನು ಬಿಚ್ಚದೆ ಕತ್ತರಿಸಿ ತೆಗೆಯುವುದೇಕೆ?
3. ಕೊಲ್ಲಿ ನಾಡಿನಲ್ಲಿ ಮೇಪಲ್‌ಗಿಂತ ಫೈಕಸ್ ಸೂಕ್ತ ಏಕೆ?
4. ಗಿಡ, ಮರ, ಬೇರುಗಳಿಗೆ ಸಂಬಂಧಿಸಿದ ಮೂರು ಗಾದೆಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ.