ಕೆಮ್ಮುವುದು ಶಾಲೆ, ಕಾಯಬೇಕಾದ್ದು ತೊಟ್ಟಿಲು

ಲಸಿಕೆ ತಪ್ಪಿಸಿಕೊಂಡು ಓಡಾಡುವ ತಾಯಂದಿರಿಗಿಂತ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಸೀರೆಗಳ ನಡುವೆ ಜೋಪಾನ ಮಾಡಿದವರೇ ನನಗೆ ಹೆಚ್ಚು ಬೈದಿದ್ದಾರೆ. ಶಾಲೆಯಲ್ಲಿ ಕೆಮ್ಮು ಹಬ್ಬಿತೆಂದರೆ ಆ ಕಾರ್ಡು ಹಿಡಿದುಕೊಂಡೇ ಉಪಕೇಂದ್ರಕ್ಕೆ ಬರುತ್ತಾರೆ. "ನೀವ್ ಹೇಳ್ದಂಗೆ ಎಲ್ಲಾ ಸೂಜೀನೂ ಹಾಕ್ಸಿದೀನಲ್ಲ ಸಿಸ್ಟರ್, ಮತ್ತ್ ಹೆಂಗ್ ಬಂತು ಈ ನಾಯಿಕೆಮ್ಮು?" ಹೊಸದುರ್ಗ, ಹೊಳಲ್ಕೆರೆ, ಈಗ ಹಿರಿಯೂರು, ಎಲ್ಲಿಗೆ ವರ್ಗವಾದರೂ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ನ್ಯಾಯವಾದ ಪ್ರಶ್ನೆ.

ಉತ್ತರ ಆ ಕಾರ್ಡಿನಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಓದಬೇಕು ಅಷ್ಟೆ. ಮಗುವಿಗೆ 6, 10 ಮತ್ತು 14ನೇ ವಾರದಲ್ಲಿ ಪೆಂಟಾವೇಲೆಂಟ್. 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, 5ರಿಂದ 6 ವರ್ಷದೊಳಗೆ ಇನ್ನೊಂದು. ಈ ಐದರಲ್ಲೂ ನಾಯಿಕೆಮ್ಮಿನ ಅಂಶವಿದೆ. ಆಮೇಲೆ 10 ಮತ್ತು 16ನೇ ವರ್ಷಕ್ಕೆ ನಾವು ಶಾಲೆಗೇ ಹೋಗಿ ಹಾಕುವುದು ಟಿಡಿ. ಅದರಲ್ಲಿರುವುದು ಧನುರ್ವಾಯು ಮತ್ತು ಗಂಟಲಮಾರಿ ಎರಡೇ, ಕೆಮ್ಮಿನದು ಇಲ್ಲ. ಅಂದರೆ ಒಂದನೇ ತರಗತಿಗೆ ಸೇರುವ ಹೊತ್ತಿಗೆ ಪಡೆದ ರಕ್ಷಣೆಯಲ್ಲೇ ಹುಡುಗ ಎಸ್ಸೆಸ್ಸೆಲ್ಸಿ, ಪಿಯುಸಿ ಮುಟ್ಟಬೇಕು. ಆ ರಕ್ಷಣೆಯೋ, ನಾಲ್ಕು ವರ್ಷದಿಂದ ಹನ್ನೆರಡು ವರ್ಷದೊಳಗೆ ಕರಗುತ್ತಾ ಹೋಗುತ್ತದೆ. "ಒಂದ್ಸಲ ಬಂದು ಹೋದ್ರೆ ಮತ್ತೆ ಬರಲ್ಲ" ಎಂದು ಅಜ್ಜಿಯರು ಹೇಳುವುದೂ ನಿಜವಲ್ಲ. ಕಾಯಿಲೆ ಬಂದು ಹೋದವರಿಗೂ ಜೀವಮಾನದ ರಕ್ಷಣೆ ಸಿಗುವುದಿಲ್ಲ, ದಡಾರದಂಥದ್ದಲ್ಲ ಇದು.

ಹಾಗಾಗಿ ಏಳೆಂಟನೇ ತರಗತಿ ಮಕ್ಕಳಲ್ಲಿ ನಾಯಿಕೆಮ್ಮು ಕಂಡರೆ ನಾನು ಗಾಬರಿಯಾಗುವುದಿಲ್ಲ. ಗಾಬರಿ ಬೀಳುವುದು ಬೇರೆ ಕಡೆಗೆ. ಅದನ್ನು ಕಲಿಸಿದ್ದು ಹೊಳಲ್ಕೆರೆ ಕಡೆಯ ಒಂದು ವಸತಿ ಶಾಲೆ.

ಸಂಕ್ರಾಂತಿ ಕಳೆದ ದಿನಗಳು. ರಾತ್ರಿ ಮಕ್ಕಳು ಮಲಗಲು ಬಿಡದಂತೆ ಕೆಮ್ಮುತ್ತಾರೆ ಎಂದು ವಾರ್ಡನ್ ಫೋನು ಮಾಡಿದ್ದರು. ಹಗಲು ಹೋಗಿ ನೋಡಿದರೆ ಎಲ್ಲರೂ ಆಡಿಕೊಂಡಿದ್ದಾರೆ. ಜ್ವರವಿಲ್ಲ, ಎದೆಯಲ್ಲಿ ಸದ್ದಿಲ್ಲ. ಈ ಕಾಯಿಲೆಯ ಮೋಸವೇ ಅದು: ಎರಡು ಸಲದ ಕೆಮ್ಮಿನ ನಡುವೆ ಮಗು ಚೆನ್ನಾಗಿಯೇ ಇರುತ್ತದೆ. ಊಟದ ಹೊತ್ತಿಗೆ ಕಾದು ಕುಳಿತೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಮುದ್ದೆ ಮುರಿದು ಎರಡು ತುತ್ತು ನುಂಗಿದವನೇ ಕೆಮ್ಮಲು ಶುರು ಮಾಡಿದ. ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದಂತೆ ಕೆಮ್ಮು, ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬಿ, ಕೊನೆಗೆ ತಿಂದದ್ದೆಲ್ಲ ವಾಂತಿ. ಕಣ್ಣಿನ ಬಿಳಿಯಲ್ಲಿ ರಕ್ತ ಒಡೆದ ಕಲೆ. ಪುಸ್ತಕದಲ್ಲಿ ಬರೆದಿರುವ ಆ 'ಹೂಪ್' ಸದ್ದು ಬರಲೇ ಇಲ್ಲ. ಸ್ವಲ್ಪವಾದರೂ ರಕ್ಷಣೆ ಉಳಿದಿರುವ ದೊಡ್ಡ ಮಕ್ಕಳಲ್ಲಿ ಅದು ಬರಲೇಬೇಕೆಂದಿಲ್ಲ.

ಅವನಿಗೆ ಅಷ್ಟರಲ್ಲಿ ಕಫ ಪರೀಕ್ಷೆ ಆಗಿತ್ತು. ಎರಡು ವಾರ ಕೆಮ್ಮಿದರೆ ಕ್ಷಯವಿರಬಹುದು, ಪರೀಕ್ಷೆ ಮಾಡಿಸಿ ಎಂದು ಊರೂರ ಗೋಡೆಯ ಮೇಲೆ ಬರೆಸಿದವರು ನಾವೇ. ಅದು ಸರಿಯಾದ ಮಾತು. ಆದರೆ ಕೆಮ್ಮು ಎರಡು ವಾರ ದಾಟಿ, ಉಸಿರುಗಟ್ಟುವಂತೆ ಬಂದು ವಾಂತಿಯಲ್ಲಿ ಮುಗಿಯುತ್ತಿದ್ದರೆ ನಾಯಿಕೆಮ್ಮನ್ನೂ ಶಂಕಿಸಬೇಕೆಂಬುದು ಯಾವ ಗೋಡೆಯ ಮೇಲೂ ಇಲ್ಲ. ಕ್ಷಯ ಇಲ್ಲ ಎಂದು ವರದಿ ಬಂದ ಕೂಡಲೇ ಟಾನಿಕ್ ಬಾಟಲಿ ಕೊಟ್ಟು ಕಳಿಸುವುದು ನಡೆದುಬಂದ ರೂಢಿ. ಮೂಗಿನ ಆಳದಿಂದ ಸ್ವಾಬ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದಾದರೆ ಮೊದಲ ವಾರಗಳಲ್ಲೇ ಕಳಿಸಬೇಕು. ಮೂರ್ನಾಲ್ಕು ವಾರ ಕಳೆದ ಮೇಲೆ ಕೆಮ್ಮು ಇರುತ್ತದೆ, ರೋಗಾಣು ಕೈಗೆ ಸಿಗುವುದಿಲ್ಲ.

ವೈದ್ಯಾಧಿಕಾರಿಗಳು ಬಂದು ನೋಡಿ ಅಜಿತ್ರೋಮೈಸಿನ್ ಐದು ದಿನಕ್ಕೆ ಬರೆದರು. ಮಾತ್ರೆ ಮುಗಿದ ಮೇಲೂ ಕೆಮ್ಮು ನಿಲ್ಲಲಿಲ್ಲವೆಂದು ಪೋಷಕರ ಗಲಾಟೆ. ಮಾತ್ರೆ ಕೊಲ್ಲುವುದು ರೋಗಾಣುವನ್ನು. ಅದು ಶ್ವಾಸನಾಳದ ಒಳಪದರಕ್ಕೆ ಮಾಡಿಹೋದ ಗಾಯ ಮಾಯುವುದಕ್ಕೆ ವಾರಗಟ್ಟಲೆ ಬೇಕು. ಐದು ದಿನ ಮಾತ್ರೆ ನುಂಗಿದವನು ಕೆಮ್ಮುತ್ತಿದ್ದರೂ ಬೇರೆಯವರಿಗೆ ಹರಡುವುದಿಲ್ಲ. ಮಾತ್ರೆ ಇಲ್ಲದಿದ್ದರೆ ಕೆಮ್ಮು ಜೋರಾದ ಮೇಲೂ ಮೂರು ವಾರ ಹರಡುತ್ತಲೇ ಇರುತ್ತಾನೆ.

ಆ ಹುಡುಗ ಹಬ್ಬಕ್ಕೆ ಮನೆಗೆ ಹೋಗಿ ಬಂದಿದ್ದ. ಮನೆಯಲ್ಲಿ ಯಾರ್‍ಯಾರು ಎಂದು ಕೇಳಿದೆ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ ಎಂದ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತವರೆಂದರೆ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ತಮ್ಮ ತಂಗಿಯರು ಇರುವ ಮನೆ. ಮಾವನಾದ ಹುಡುಗ ಮಗುವನ್ನು ಎತ್ತಿಕೊಳ್ಳದೆ ಇರುತ್ತಾನೆಯೇ? ಹೋಗಿ ನೋಡಿದಾಗ ಕೂಸಿಗೆ ಇನ್ನೂ ಆರು ವಾರ ತುಂಬಿರಲಿಲ್ಲ, ಮೊದಲ ಡೋಸಿನ ದಿನವೇ ಬಂದಿಲ್ಲ. ಕೆಮ್ಮು ಅಷ್ಟೇನೂ ಇಲ್ಲ, ಮೊಲೆ ಕಚ್ಚುತ್ತಿಲ್ಲ, ಆಗಾಗ ಸುಮ್ಮನಾಗಿ ತುಟಿ ನೀಲಿಯಾಗುತ್ತದೆ ಎಂದಳು ತಾಯಿ. ಎಳೆಗೂಸುಗಳಲ್ಲಿ ನಾಯಿಕೆಮ್ಮು ಹೀಗೇ ಬರುತ್ತದೆ, ಕೆಮ್ಮಾಗಿ ಅಲ್ಲ, ಉಸಿರು ನಿಲ್ಲುವುದಾಗಿ. ಅಜ್ಜಿ ಒಳಲೆಯಲ್ಲಿ ಕತ್ತೆ ಹಾಲು ಕುಡಿಸಲು ನೋಡಿದ್ದರು. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದವರು ಕಣ್ಣೆದುರೇ ಕರೆದು ಕೊಟ್ಟದ್ದಂತೆ. ಅಜ್ಜಿಯ ಜೊತೆ ವಾದ ಮಾಡುವ ಹೊತ್ತಲ್ಲ ಅದು. 108ಕ್ಕೆ ಫೋನು ಮಾಡಿ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದೆವು. ರಕ್ತದಲ್ಲಿ ಬಿಳಿಕಣ ವಿಪರೀತ ಏರಿತ್ತು. ಆಕ್ಸಿಜನ್ನಿನಲ್ಲಿ ಬಹಳ ದಿನ ಇದ್ದು ಕೂಸು ಮನೆಗೆ ಬಂತು.

ಅಂದಿನಿಂದ ಶಾಲೆಯಲ್ಲಿ ಕೆಮ್ಮು ಎಂದರೆ ಕೆಮ್ಮುವವರ ಪಟ್ಟಿಯ ಜೊತೆಗೇ ಇನ್ನೊಂದು ಪಟ್ಟಿ ಕೇಳುತ್ತೇನೆ: ಯಾರ ಮನೆಯಲ್ಲಿ ಹಸುಗೂಸಿದೆ, ಯಾರ ಮನೆಯಲ್ಲಿ ದಿನ ತುಂಬಿದ ಬಸುರಿ ಇದ್ದಾಳೆ. "ಅದಕ್ಕೆ ನಮ್ ರಿಜಿಸ್ಟರಲ್ಲಿ ಕಾಲಂ ಇಲ್ವಲ್ಲ ಮೇಡಂ" ಎಂದರು ಒಬ್ಬ ಮುಖ್ಯೋಪಾಧ್ಯಾಯರು. ಕಾಲಂ ಬೇಕಾಗಲೇ ಇಲ್ಲ. ಏಳನೇ ತರಗತಿಯ ಹುಡುಗಿಯರು ಬಿಸಿಯೂಟ ಮುಗಿಯುವಷ್ಟರಲ್ಲಿ ಇಡೀ ಊರಿನ ತೊಟ್ಟಿಲುಗಳನ್ನು ಬರೆದುಕೊಟ್ಟರು, ಕೂಸಿನ ಹೆಸರಿನ ಸಮೇತ.

ಹಿರಿಯೂರು ಕಡೆಯ ಒಬ್ಬರು ಇದನ್ನೆಲ್ಲ ಕೇಳಿ, ಗೊಲ್ಲರಹಟ್ಟಿಯಲ್ಲಿ ಬಾಣಂತಿ ಮತ್ತು ಕೂಸನ್ನು ಹಟ್ಟಿಯಾಚೆ ಗುಡಿಸಲಲ್ಲಿಡುವ ಸೂತಕವೇ ಒಳ್ಳೆಯದಾಯಿತಲ್ಲ ಎಂದು ವಾದಿಸಿದ್ದರು. ಈ ಮಾತು ಯಾರ ಬಾಯಲ್ಲೂ ಬರಬಾರದು. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಮಳೆ ಚಳಿಯಲ್ಲಿ ಹೊರಗಿಟ್ಟ ಕೂಸು ತೀರಿಹೋಯಿತು. ಕೆಮ್ಮುವವನನ್ನು ಕೂಸಿನಿಂದ ದೂರವಿಡಬೇಕೇ ಹೊರತು ಕೂಸನ್ನು ಮನೆಯಿಂದಲ್ಲ.

ಇನ್ನು ಪೇಟೆಯವರ ಪ್ರಶ್ನೆ. "ದುಡ್ಡು ಕೊಟ್ಟು ನೋವಿಲ್ಲದ ಇಂಜೆಕ್ಷನ್ನೇ ಹಾಕ್ಸಿದ್ವಿ, ಆದ್ರೂ ಬಂತಲ್ಲ?" ನಾವು ಗುರುವಾರ ಹಾಕುವುದು ರೋಗಾಣುವನ್ನು ಇಡಿಯಾಗಿ ಕೊಂದು ಮಾಡಿದ ಲಸಿಕೆ. ತೊಡೆ ಊದುತ್ತದೆ, ಜ್ವರ ಬರುತ್ತದೆ, ರಾತ್ರಿಯೆಲ್ಲ ಮಗು ಅಳುತ್ತದೆ. ಖಾಸಗಿಯಲ್ಲಿ ಸಿಗುವ ನೋವಿಲ್ಲದ್ದರಲ್ಲಿ ರೋಗಾಣುವಿನ ಕೆಲವು ತುಣುಕುಗಳಷ್ಟೇ ಇರುತ್ತವೆ. ನೋವು ಕಡಿಮೆ, ರಕ್ಷಣೆ ಬೇಗ ಇಳಿಯುತ್ತದೆ. ಅಮೆರಿಕ 1990ರ ದಶಕದಲ್ಲಿ ಪೂರ್ತಿ ಈ ತುಣುಕಿನ ಲಸಿಕೆಗೆ ಬದಲಾಯಿತು. 2010ರಲ್ಲಿ ಕ್ಯಾಲಿಫೋರ್ನಿಯಾ ಒಂದರಲ್ಲೇ 9,000ಕ್ಕೂ ಹೆಚ್ಚು ಪ್ರಕರಣ, 10 ಹಸುಗೂಸುಗಳ ಸಾವು. ಮುಂದೆ ಅಲ್ಲಿನ ವಿಜ್ಞಾನಿಗಳು ಬಬೂನ್ ಕೋತಿಗಳ ಮೇಲೆ ಪರೀಕ್ಷಿಸಿದಾಗ, ತುಣುಕಿನ ಲಸಿಕೆ ಪಡೆದವು ಕಾಯಿಲೆ ಬೀಳಲಿಲ್ಲ, ಆದರೆ ರೋಗಾಣುವನ್ನು ಗಂಟಲಲ್ಲಿಟ್ಟುಕೊಂಡು ಬೇರೆ ಕೋತಿಗಳಿಗೆ ಹಂಚಿದವು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2013ರಲ್ಲಿ ಮೊದಲ ಡೋಸುಗಳಿಗೆ ಇಡೀ ರೋಗಾಣುವಿನ ಲಸಿಕೆಯನ್ನೇ ಹೇಳಿತ್ತು. ಅಳುವ ಮಗುವನ್ನು ಎತ್ತಿಕೊಂಡು ನನ್ನ ಕಡೆ ಕೆಕ್ಕರಿಸಿ ನೋಡುವ ಅಮ್ಮಂದಿರಿಗೆ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

"ಹಂಗಾದ್ರೆ ಹಾಕ್ಸಿ ಏನ್ ಪ್ರಯೋಜನ?" ಎನ್ನುವವರಿಗೆ ಜಪಾನಿನ ಕತೆ. ಅಲ್ಲಿ 1970ರ ದಶಕದಲ್ಲಿ ಡಿಪಿಟಿ ಬಗ್ಗೆ ಭಯ ಹುಟ್ಟಿ ಜನ ಹಾಕಿಸುವುದನ್ನು ಬಿಟ್ಟರು. 1974ರಲ್ಲಿ ಕೆಲವು ನೂರರಷ್ಟಿದ್ದ ಪ್ರಕರಣ 1979ರಲ್ಲಿ ಸುಮಾರು 13,000ಕ್ಕೆ ಏರಿತು, 41 ಜನ ಸತ್ತರು. ನೋವಿಲ್ಲದ ಲಸಿಕೆ ಹುಟ್ಟಿದ್ದೇ ಆ ಭಯಕ್ಕೆ ಜಪಾನ್ ಕಂಡುಕೊಂಡ ಪರಿಹಾರವಾಗಿ. ನಮ್ಮ ವಸತಿ ಶಾಲೆಯ ಹುಡುಗ ವಾಂತಿ ಮಾಡಿಕೊಂಡು ತಿಂಗಳುಗಟ್ಟಲೆ ಕೆಮ್ಮಿದನೇ ಹೊರತು ಆಸ್ಪತ್ರೆ ಸೇರಲಿಲ್ಲ. ಅವನ ಕಾರ್ಡಿನಲ್ಲಿ ಐದೂ ಡೋಸು ಇದ್ದವು.

ಲಸಿಕೆಯ ಮಿತಿ ಎನ್ನುವುದರಲ್ಲಿ ನಮ್ಮ ಕೈಯ ಪಾಲೂ ಒಂದಿಷ್ಟಿದೆ. ಡಿಪಿಟಿ, ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಬಿಸಿಲಿನ ಜಿಲ್ಲೆಯಲ್ಲವೇ, ಎಲ್ಲರೂ ಶೆಕೆಗೆ ಹೆದರಿ ಐಸ್‌ಪ್ಯಾಕ್ ಗಟ್ಟಿಯಾಗಿದ್ದಂತೆಯೇ ಕ್ಯಾರಿಯರಿಗೆ ತುಂಬಲು ಹೊರಡುತ್ತಾರೆ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಇಷ್ಟು: ಪ್ಯಾಕನ್ನು ಹೊರಗಿಟ್ಟು ಬೆವರಲು ಬಿಡು, ಕಿವಿಯ ಹತ್ತಿರ ಅಲ್ಲಾಡಿಸು, ಒಳಗೆ ನೀರು ಕುಲುಕಿದ ಸದ್ದು ಕೇಳಿದ ಮೇಲೆ ಜೋಡಿಸು.

ಆರು ವಾರಕ್ಕೂ ಮೊದಲಿನ ಕೂಸಿಗೆ ಉಳಿದ ದಾರಿ ತಾಯಿಯ ಮೂಲಕ. ಬಸುರಿಗೆ 27ರಿಂದ 36ನೇ ವಾರದೊಳಗೆ ಟಿಡ್ಯಾಪ್, ಅಂದರೆ ನಾಯಿಕೆಮ್ಮಿನ ಅಂಶವೂ ಸೇರಿದ ಟಿಡಿ, ಹಾಕಿದರೆ ಅವಳ ರಕ್ಷಣೆ ಕೂಸಿಗೆ ಹೊಟ್ಟೆಯಲ್ಲೇ ಇಳಿಯುತ್ತದೆ. ಹಸುಗೂಸುಗಳು ಸಾಯುವುದನ್ನು ಕಂಡ ಬ್ರಿಟನ್ 2012ರಲ್ಲೇ ಇದನ್ನು ಶುರು ಮಾಡಿತು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಬಸುರಿಯರಿಗಿರುವುದು ಟಿಡಿ; ಟಿಡ್ಯಾಪ್ ಬೇಕೆಂದರೆ ಖಾಸಗಿಯಲ್ಲಿ ಕೈಯಿಂದ ದುಡ್ಡು ಹಾಕಬೇಕು. ಆ ವಾರಗಳೂ ಸೀಮಂತದ ತಿಂಗಳೂ ಹೆಚ್ಚುಕಡಿಮೆ ಒಂದೇ, ಹುಡುಗಿ ತವರಿಗೆ ಹೊರಡುವ ಕಾಲ. ಕರೆದವರ ಮನೆಗೆ ಹೋಗಿ ಮಡಿಲು ತುಂಬಿ, ಉಂಡು ಎದ್ದ ಮೇಲೆ ಈ ಮಾತು ತೆಗೆಯುತ್ತೇನೆ: ತೋಟವಿರುವವರು, ಇಷ್ಟು ಜನಕ್ಕೆ ಹೋಳಿಗೆ ಹಾಕಿಸಿದವರು, ಇದೊಂದನ್ನು ಹಾಕಿಸಬಹುದಲ್ಲ ಎಂದು. ಕೆಲವರು ಹಾಕಿಸಿದ್ದಾರೆ. ಮೊನ್ನೆ ಹೊಸದುರ್ಗದ ಒಬ್ಬ ಅತ್ತೆಯಮ್ಮ ಎಲೆ ಅಡಿಕೆ ಕೊಡುತ್ತಾ, "ಒಳ್ಳೇದೇ ಆಗಿದ್ರೆ ಸರ್ಕಾರದೋರೇ ಕೊಡ್ತಿರ್ಲಿಲ್ವೇನಮ್ಮ?" ಎಂದು ಕೇಳಿದರು.