ಮನೆಯವರೊಡನೆ ಮಾತು ಬಿಡಬೇಡಿ

ತಮ್ಮಾ, ತಂಗೀ, ನಿಮ್ಮ ಮನೆಯ ಹೊಲದ ಪಹಣಿ ಇವತ್ತು ಯಾರ ಹೆಸರಿನಲ್ಲಿದೆ, ಗೊತ್ತೇ? ಬೆಂಗಳೂರಿನಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಇದನ್ನು ಓದುತ್ತಿದ್ದರೆ, ಕೈಯಲ್ಲಿರುವ ಮೊಬೈಲ್‌ನಲ್ಲೇ ಸರ್ವೆ ನಂಬರ್ ಹಾಕಿ ನೋಡಿಕೊಳ್ಳಿ. ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಮುತ್ಯಾನ ಹೆಸರಿನಲ್ಲೇ ಇದೆ. ಮುತ್ಯಾ ತೀರಿಹೋಗಿ ಎಷ್ಟೋ ವರ್ಷಗಳಾದವು. ಹೊಲ ಹರಗುವವರು, ಬಿತ್ತುವವರು, ರಾಶಿ ಮಾಡುವವರು ಮೊಮ್ಮಕ್ಕಳು. ಹೀಗೇಕೆ ಎಂದು ಕೇಳಿದರೆ ಎಲ್ಲರೂ ಕಚೇರಿಯತ್ತ ಬೆರಳು ತೋರಿಸುತ್ತಾರೆ. ಕಚೇರಿಯ ತಡವೂ ಇದ್ದೀತು. ಆದರೆ ಈ ಸೀಮೆಯಲ್ಲಿ ಆಯಸ್ಸು ಕಳೆದ ನಾನು ಬಹಳ ಕಡೆ ಕಂಡ ಕಾರಣ ಬೇರೆ. ಅಣ್ಣತಮ್ಮಂದಿರು ಒಂದು ಕಡೆ ಕೂತು ಮಾತಾಡಿಲ್ಲ.

ಸತ್ತವರ ಹೊಲ ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಹೆಸರು ಬರಬೇಕು. ಒಬ್ಬ ಮುನಿಸಿಕೊಂಡು ಆಧಾರ್ ಕಾರ್ಡ್ ಕೊಡದಿದ್ದರೆ ಕಾಗದ ಅಲ್ಲೇ ನಿಲ್ಲುತ್ತದೆ. ಆ ಕಾಗದದ ಜೊತೆಗೆ ಇನ್ನೇನೇನು ನಿಲ್ಲುತ್ತದೆ ನೋಡಿ. ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದೆ ಸಿಗುತ್ತದೆ, ಆದರೆ ಹೆಸರಿನಲ್ಲಿ ಭೂಮಿ ಇದ್ದವನಿಗೆ. ಬೆಳೆ ವಿಮೆಗೂ ಪಹಣಿ ಬೇಕು. 2025-26ಕ್ಕೆ ತೊಗರಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲೂ ಜಮೀನಿನ ದಾಖಲೆ ಬೇಕೇ ಬೇಕು. 2022-23ರ ಹಂಗಾಮಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದವು. ಆಗ ಸರ್ಕಾರದ ಪರಿಹಾರ ಬಂತು. ಸತ್ತವರ ಹೆಸರಿಗೆ ಬ್ಯಾಂಕ್ ಖಾತೆ ಇರುವುದಿಲ್ಲ ಎಂಬುದು ಆಗ ಅನೇಕರಿಗೆ ಅರ್ಥವಾಯಿತು.

ಕಾಗಿಣಾ ನದಿ ದಂಡೆಯ ಒಂದು ಊರಿನ ಅಣ್ಣತಮ್ಮಂದಿರ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಬದುವಿನ ಮೇಲಿನ ಒಂದು ಬೇವಿನ ಮರ ಯಾರದು ಎಂದು ಮಾತಿಗೆ ಮಾತು ಬೆಳೆಯಿತು. ಮರ ಕಡಿದರು, ದುಡ್ಡೂ ಹಂಚಿಕೊಂಡರು, ಮಾತು ಮಾತ್ರ ಮತ್ತೆ ಕೂಡಲಿಲ್ಲ. ಪಹಣಿ ಅಪ್ಪನ ಹೆಸರಿನಲ್ಲೇ ಉಳಿಯಿತು. ಬೀಜ ಗೊಬ್ಬರಕ್ಕೆ ಇಬ್ಬರೂ ಬೇರೆ ಬೇರೆ ಅಡತಿ ಅಂಗಡಿಗೆ ಹೋಗಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಸಾಲ ತಂದರು. ಅಂಗಡಿಯ ಸಾಲ ತಂದವನು ರಾಶಿಯನ್ನು ಅದೇ ಅಂಗಡಿಗೆ ಹಾಕಬೇಕು. ಧಾರಣೆ ಏರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅವನಿಗಿಲ್ಲ. ವರ್ಷಕ್ಕೆ ನೂರಕ್ಕೆ ಮೂವತ್ತಾರು ರೂಪಾಯಿ ಬಡ್ಡಿ, ಮೇಲೆ ಸುಗ್ಗಿಯ ಇಳಿದ ಧಾರಣೆ. ಅವರನ್ನು ಬಡವರನ್ನಾಗಿ ಮಾಡಿದ್ದು ಮಳೆಯೆಂದು ಊರವರು ಹೇಳುತ್ತಾರೆ. ಪಕ್ಕದ ಹೊಲದವನಿಗೂ ಅದೇ ಮಳೆ ಬಿದ್ದಿತ್ತು.

ಅದಕ್ಕೇ ಹೇಳುತ್ತೇನೆ, ಹಣಕಾಸಿನ ಮಾತು ಬಂದಾಗ ಎಷ್ಟು ಗಳಿಸುತ್ತೀರಿ ಎಂಬುದರ ಜೊತೆಗೇ ಮನೆಯಲ್ಲಿ ಯಾರ ಯಾರ ನಡುವೆ ಮಾತಿದೆ ಎಂಬುದನ್ನೂ ಎಣಿಕೆಗೆ ಹಿಡಿಯಿರಿ. ನಿಮ್ಮ ಪೀಳಿಗೆಗೆ ಓದು ಬಂದಿದೆ, ಫಾರ್ಮ್ ತುಂಬಲು ಬರುತ್ತದೆ. ಅಪ್ಪ ಕಾಕಾ ಮಾತು ಬಿಟ್ಟಿದ್ದರೆ ಅವರ ಮಕ್ಕಳಾದ ನೀವೂ ಬಿಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಕಾಕಾನ ಮಗನಿಗೆ ನೀವೇ ಫೋನ್ ಮಾಡಿ. ಕಚೇರಿಯೂ ಈಗ ಹತ್ತಿರ, ಕಾಳಗಿ 2018ರಿಂದ ಬೇರೆ ತಾಲ್ಲೂಕು. ಮೊದಲಿನಂತೆ ಪ್ರತಿ ಕಾಗದಕ್ಕೂ ಚಿತ್ತಾಪುರದ ಬಸ್ಸು ಹತ್ತುವ ಕಾಲ ಹೋಗಿದೆ.

ಇಲ್ಲೇ ಇನ್ನೊಂದು ಮಾತು, ಗಂಡುಮಕ್ಕಳು ಮನಸ್ಸಿಟ್ಟು ಕೇಳಬೇಕು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಮಾಡಿತ್ತು. 2005ರ ತಿದ್ದುಪಡಿ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಖಚಿತಪಡಿಸಿತು. ಆದರೂ ಪಂಚಮಿಗೆ ತವರಿಗೆ ಬಂದ ತಂಗಿಯ ಮುಂದೆ ಕಾಗದ ಇಟ್ಟು, ಒಂದು ಇಲಕಲ್ ಸೀರೆ ಉಡಿಸಿ, ‘ಇಲ್ಲಿ ಸೈ ಮಾಡವ್ವ’ ಎನ್ನುವ ರೂಢಿ ನಿಂತಿಲ್ಲ. ಆಕೆ ತವರು ಮುರಿಯುತ್ತದೆಂಬ ಹೆದರಿಕೆಗೆ ಸೈ ಮಾಡುತ್ತಾಳೆ. ಹೀಗೆ ಹೆದರಿಸಿ ಉಳಿಸಿಕೊಂಡ ಸಂಬಂಧಕ್ಕೆ ನಾನು ಸಂಬಂಧ ಎನ್ನುವುದಿಲ್ಲ. ಆಕೆ ಮನಸಾರೆ ಬಿಟ್ಟುಕೊಟ್ಟರೆ ಅದು ಆಕೆಯ ದೊಡ್ಡತನ. ನೀವು ಕೇಳುವ ಮೊದಲು ಆಕೆಯ ಪಾಲು ಎಷ್ಟೆಂದು ಆಕೆಗೆ ತಿಳಿಸುವುದು ನಿಮ್ಮ ಕರ್ತವ್ಯ.

ಸಾಲದ ವಿಷಯಕ್ಕೆ ಬರೋಣ. ನಮ್ಮ ಓಣಿಗಳ ಭಿಶಿ, ಅಂದರೆ ಚೀಟಿ, ನಡೆಯುವುದು ಬರಿಯ ನಂಬಿಕೆಯ ಮೇಲೆ. ಸ್ತ್ರೀಶಕ್ತಿ ಸಂಘಗಳು ನಡೆಯುವುದೂ ಹಾಗೆಯೇ. ವಾರಕ್ಕೊಮ್ಮೆ ಒಂದು ಮನೆಯ ಪಡಸಾಲೆಯಲ್ಲಿ ಕೂತು, ಪುಸ್ತಕದಲ್ಲಿ ಬರೆದು, ಎಣಿಸಿ ಇಡುವ ಆ ನೋಟುಗಳಿಂದ ಮಗಳ ಕಾಲೇಜಿನ ಫೀ ಕಟ್ಟಿದವರಿದ್ದಾರೆ, ಎಮ್ಮೆ ತಂದವರಿದ್ದಾರೆ. ಅದೇ ನಂಬಿಕೆಯನ್ನು ಕಿರುಸಾಲದ ಕಂಪನಿಗಳೂ ಜಾಮೀನಾಗಿ ಹಿಡಿದವು. ಗುಂಪಿನಲ್ಲಿ ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ನೀರಿಗೆ ಜೊತೆಯಾಗಿ ಹೋಗುತ್ತಿದ್ದ ಹೆಣ್ಣುಮಕ್ಕಳು ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಕೂತು ವಸೂಲಿ ಮಾಡುವಂತಾಯಿತು. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳ ತಡೆದೀತು, ಆದರೆ ಮುರಿದ ಗೆಳೆತನ ಕೂಡಿಸುವುದು ಅದರ ಕೈಲಿಲ್ಲ. ಆದ್ದರಿಂದ ಅವ್ವ, ಅತ್ತಿಗೆ ಯಾವ ಗುಂಪಿನಲ್ಲಿದ್ದಾರೆ, ಎಷ್ಟು ಕಂತು ಉಳಿದಿದೆ ಎಂದು ಕೇಳಿ. ಬೈಯುವ ದನಿಯಲ್ಲಿ ಬೇಡ. ಆ ಸಾಲ ಬಹುತೇಕ ನಿಮ್ಮ ಮನೆಯ ಖರ್ಚಿಗೇ ತಂದದ್ದಾಗಿರುತ್ತದೆ.

ನಿಮ್ಮ ಸಾಲವನ್ನೂ ಅವರಿಗೆ ಹೇಳಿ. ಮೊಬೈಲ್ ಆ್ಯಪ್‌ಗಳ ಸಾಲ, ಕ್ರಿಕೆಟ್ ಬೆಟ್ಟಿಂಗ್, ಆನ್‌ಲೈನ್ ಜೂಜು ನಮ್ಮ ಹಳ್ಳಿಯ ಹುಡುಗರನ್ನೂ ತಿನ್ನುತ್ತಿವೆ. ಸೋತ ಹುಡುಗ ಮೊದಲು ಗೆಳೆಯರ ಹತ್ತಿರ ಕೈಗಡ ಕೇಳುತ್ತಾನೆ, ಆಮೇಲೆ ಹೆಂಡತಿಯ ಬೋರಮಾಳ ಅಡವಿಡುತ್ತಾನೆ, ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾನೆ. ಜೀವ ಕಳೆದುಕೊಂಡವರ ಸುದ್ದಿ ಓದುವಾಗಲೆಲ್ಲ ನನಗೆ ಅನಿಸುವುದು ಇಷ್ಟೇ: ಮೊದಲ ಸೋಲಿನ ದಿನವೇ ಮನೆಯಲ್ಲಿ ಒಬ್ಬರಿಗೆ ಹೇಳಿದ್ದರೆ! ಅಪ್ಪ ಬೈದಾನು, ಎರಡು ದಿನ ಮಾತು ಬಿಟ್ಟಾನು. ಆಮೇಲೆ ದಾರಿ ಹುಡುಕುವವನೂ ಅವನೇ. ಮನೆಯಲ್ಲಿ ಹೇಳಲಾಗದ ಸಾಲವನ್ನು ಮಾಡಬೇಡಿ. ಮಾಡಿದ್ದರೆ ಇವತ್ತೇ ಹೇಳಿ.

ಬಳಗದವರೆಂದು ಕೇಳಿದ್ದಕ್ಕೆಲ್ಲ ಜಾಮೀನು ಸೈ ಹಾಕುವುದೂ ಸರಿಯಲ್ಲ. ‘ಮಾಮಾ, ನನ್ನ ಕೈಲಿ ಇಷ್ಟು ಆಗತದ, ಇದು ನೀವು ಹೊಳ್ಳಿ ಕೊಡದಿದ್ರೂ ನಡೀತದ, ಆದರ ಸೈ ಮಾಡಂಗಿಲ್ಲ’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದವನ ನೆಂಟಸ್ತನ ಉಳಿದಿದೆ. ದಾಕ್ಷಿಣ್ಯಕ್ಕೆ ಸೈ ಹಾಕಿ ಕೋರ್ಟು ಅಲೆದವರ ನೆಂಟಸ್ತನ ಉಳಿದದ್ದನ್ನು ನಾನು ನೋಡಿಲ್ಲ.

ಆರೋಗ್ಯದ ವಿಷಯದಲ್ಲಿ ನನಗೆ ಹೆಚ್ಚಿನ ಕಳವಳವಿದೆ. ಶಹಾಬಾದಿನ ಫರ್ಸಿ ಖಣಿಗಳಲ್ಲಿ, ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಸುತ್ತ ದುಡಿಯುವವರ ಕೆಮ್ಮನ್ನು ಮೊದಲು ಕೇಳಿಸಿಕೊಳ್ಳುವುದು ಮನೆಯ ಹೆಣ್ಣುಮಗಳು. ರಾತ್ರಿಯ ಕೆಮ್ಮು ಎಷ್ಟು ದಿನದ್ದು, ಅಂಗಿ ಯಾವಾಗಿನಿಂದ ಸಡಿಲವಾಯಿತು ಎಂಬುದು ಆಕೆಗೆ ಗೊತ್ತು. ಗಂಡ ಹೆಂಡತಿಯ ನಡುವೆ ಮಾತಿರುವ ಮನೆಯಲ್ಲಿ ಎರಡು ವಾರ ದಾಟಿದ ಕೆಮ್ಮು ಕಫ ಪರೀಕ್ಷೆಗೆ ಹೋಗುತ್ತದೆ. ‘ನಿನಗೇನು ತಿಳೀತದ, ಸುಮ್ಮನಿರು’ ಎಂದು ಬಾಯಿ ಮುಚ್ಚಿಸುವ ಮನೆಯಲ್ಲಿ ರಕ್ತ ಬಿದ್ದ ಮೇಲೆ ಹೋಗುತ್ತದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಗುಳಿಗೆ ನುಂಗಬೇಕು. ಒಂದೆರಡು ತಿಂಗಳಿಗೆ ಹಸಿವು ಮರಳಿ ಮೈ ಹಗುರಾಗುತ್ತದೆ, ಬಹಳ ಜನ ಬಿಡುವುದು ಆಗಲೇ. ಗುಳಿಗೆ ಸರ್ಕಾರ ಪುಕ್ಕಟೆ ಕೊಡುತ್ತದೆ, ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದೆ. ಆದರೆ ದಿನಾ ನೀರಿನ ತಂಬಿಗೆ ಹಿಡಿದು ಎದುರಿಗೆ ನಿಲ್ಲುವವರನ್ನು ಯಾವ ಯೋಜನೆಯೂ ಕೊಡಲಾರದು.

ಆ ಹೆಣ್ಣುಮಗಳ ಕಾಯಿಲೆಯನ್ನು ಕೇಳುವವರು ಯಾರು? ಅವ್ವ ಫೋನಿನಲ್ಲಿ ‘ಆರಾಮ ಇದ್ದೀನಿ ಯಪ್ಪಾ’ ಎನ್ನುತ್ತಾಳೆ. ಬಿ.ಪಿ. ಗುಳಿಗೆಯನ್ನು ಅರ್ಧ ಮುರಿದು ನುಂಗುತ್ತಿರುತ್ತಾಳೆ, ತಿಂಗಳ ಗುಳಿಗೆ ಎರಡು ತಿಂಗಳು ಬರಲೆಂದು. ಆದ್ದರಿಂದ ‘ಹೆಂಗಿದ್ದಿ’ ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಗುಳಿಗೆ ಉಳಿದಾವ, ಚೀಟಿ ಎಲ್ಲಿದೆ, ಕಣ್ಣಿಗೆ ಪೊರೆ ಬಂದದ್ದನ್ನು ತೋರಿಸಿದಿಯೋ ಇಲ್ಲೋ ಎಂದು ಕೇಳಿ. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ, ನಮ್ಮ ಭಾಗಕ್ಕೆ ದೊಡ್ಡ ಆಸರೆ. ಆದರೆ ಎದೆ ಹಿಡಿದುಕೊಂಡ ಅಪ್ಪನನ್ನು ಹಳ್ಳಿಯಿಂದ ಅಲ್ಲಿಗೆ ಮುಟ್ಟಿಸುವವನು ಅಣ್ಣನ ಮಗನೋ ಪಕ್ಕದ ಮನೆಯ ಜೀಪಿನವನೋ ಆಗಿರುತ್ತಾನೆ. ಅವನ ನಂಬರ್ ನಿಮ್ಮ ಫೋನಿನಲ್ಲಿರಲಿ. ಊರಿಗೆ ಹೋದಾಗ ಅವನ ಮನೆಯಲ್ಲಿ ಚಹಾ ಕುಡಿದು ಬನ್ನಿ.

ಅಮೆರಿಕದ ಹಾರ್ವರ್ಡ್‌ನವರು 1938ರಲ್ಲಿ ಆರಂಭಿಸಿದ ಒಂದು ಅಧ್ಯಯನ 80 ವರ್ಷ ದಾಟಿ ನಡೆದಿದೆ. ಕಾಲೇಜು ಹುಡುಗರನ್ನೂ ಬಾಸ್ಟನ್ನಿನ ಬಡ ಓಣಿಗಳ ಹುಡುಗರನ್ನೂ ಮುಪ್ಪಿನವರೆಗೆ ಹಿಂಬಾಲಿಸಿದರು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿಯಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಕೊಲೆಸ್ಟ್ರಾಲ್ ಲೆಕ್ಕಕ್ಕಿಂತ ಅದೇ ಮುಂದಿನದನ್ನು ಚೆನ್ನಾಗಿ ಸೂಚಿಸಿತ್ತು ಎಂದು ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ನಮ್ಮ ಹಿರಿಯರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ, ಆದರೆ ನೀವು ರುಜುವಾತು ಕೇಳುವ ಕಾಲದವರು, ಅದಕ್ಕೆ ಹೇಳಿದೆ.

ಊರಿನ ಬದುಕು ನಿಂತಿರುವುದೂ ಇಂಥ ಸಂಬಂಧಗಳ ಮೇಲೆಯೇ. 2020ರ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ನಮ್ಮ ಹಳ್ಳಿ, ತಾಂಡಾಗಳ ಜನ ಹಿಂಡುಹಿಂಡಾಗಿ ಮರಳಿದರು. ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ದುಡಿದು ಹಣ ಕಳಿಸುವಾಗ ಬೇಕಾಗಿದ್ದವರು ಅವತ್ತು ಕೆಲವು ಊರುಗಳಿಗೆ ಬೇಡವಾದರು. ಕಿಟಕಿಯ ಹೊರಗೆ ರೊಟ್ಟಿಯ ಗಂಟು ಇಟ್ಟು ದೂರ ನಿಂತವರು ಅವ್ವ, ಅಕ್ಕ, ಕೇರಿಯ ಗೆಳೆಯ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ಹರಿದು ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಧಿಕಾರಿಗಳು ಬರುವುದಕ್ಕೆ ಮುಂಚೆ ಮುದುಕರನ್ನು ಹೆಗಲ ಮೇಲೆ ಹೊತ್ತವರು ಓಣಿಯ ಹುಡುಗರು. ಅವರ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ.

ಸಂಬಂಧವೆಂದರೆ ತಲೆಬಾಗುವುದು ಎಂದು ಮಾತ್ರ ತಿಳಿಯಬೇಡಿ. ಹದಿನಾರರ ತಂಗಿಗೆ ಮದುವೆ ಗೊತ್ತು ಮಾಡಿದರೆ ಅಡ್ಡ ನಿಲ್ಲಿ. ಕರ್ನಾಟಕದಲ್ಲಿ ಅಂಥ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಹಿರಿಯರು ಕೇಳದಿದ್ದರೆ 1098ಕ್ಕೆ ಕರೆ ಮಾಡಿ. ಕುಡಿದು ಹೊಡೆಯುವ ಅಣ್ಣನ ಪರ ನಿಂತು ಅತ್ತಿಗೆಯನ್ನು ಸುಮ್ಮನಿರಿಸಬೇಡಿ. ಕೇರಿಯ ಗೆಳೆಯನನ್ನು ಹೊರಗೆ ಕೂಡಿಸಿ ಚಹಾ ಕೊಡುವ ಮನೆ ನಿಮ್ಮದಾಗಿದ್ದರೆ, ಅವನನ್ನು ಒಳಗೆ ಕರೆದು ನಿಮ್ಮ ಪಕ್ಕದಲ್ಲಿ ಕೂಡಿಸಿ. ಕಾಯಕ, ದಾಸೋಹದ ಮಾತು ಹುಟ್ಟಿದ ನೆಲದ ಮಕ್ಕಳು ನೀವು, ಇದು ನಿಮಗೆ ಕಷ್ಟವಾಗಬಾರದು.

ಎಳ್ಳಮವಾಸ್ಯೆ ಬರುತ್ತದೆ. ತೊಗರಿ ಬಲಿತಿರುತ್ತದೆ, ಮನೆಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಬುತ್ತಿ ಕಟ್ಟುತ್ತಾರೆ. ರಜೆ ಸಿಗಲಿಲ್ಲವೆಂದು ಈ ಸಲ ಹೇಳಬೇಡಿ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬನ್ನಿ. ನಿಮ್ಮ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಅಪ್ಪ ಮಾತು ಬಿಟ್ಟ ಕಾಕಾನ ಹೊಲಕ್ಕೂ ಬುತ್ತಿ ತೆಗೆದುಕೊಂಡು ಹೋಗಿ, ಕೂತು ಉಣ್ಣಿರಿ. ಮೊದಲು ಯಾರು ಮಾತಾಡಬೇಕು ಎಂದು ಕಾಯಬೇಡಿ. ನೀವು ಚಿಕ್ಕವರು, ನೀವೇ ಮಾತಾಡಿಸಿ.