ಸೂತ್ರವನ್ನು ಮಾತಾಡಿಸಿ ನೋಡು

ತಂಗೀ, ಫಸ್ಟ್ ಪಿಯುಸಿ ಫಿಸಿಕ್ಸ್ ಇನ್ನೊಮ್ಮೆ ಓದುವುದೆಂದರೆ ಸೂತ್ರಗಳ ಪಟ್ಟಿ ಹಿಡಿದು ಉರು ಹೊಡೆಯುವುದು ಅಂದುಕೊಂಡಿದ್ದೀಯ. ಉರು ಹೊಡೆದದ್ದು ಪ್ರಶ್ನೆಪತ್ರಿಕೆ ಕೈಗೆ ಬರುವ ತನಕ ಇರುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಯಾವ ಸೂತ್ರ ಹಾಕಬೇಕೆಂದೇ ತೋಚುವುದಿಲ್ಲ. ಅದಕ್ಕೇ ಹೇಳುತ್ತೇನೆ, ಪ್ರತಿ ಸೂತ್ರವನ್ನೂ ಮೂರು ಪ್ರಶ್ನೆ ಕೇಳು. ನೀನು ಏನು ಹೇಳುತ್ತಿದ್ದೀಯ? ನಿನ್ನ ಒಂದೊಂದು ಅಕ್ಷರದ ಏಕಮಾನ ಯಾವುದು? ನೀನು ಎಲ್ಲಿ ಸಲ್ಲುತ್ತೀಯ, ಎಲ್ಲಿ ಸಲ್ಲುವುದಿಲ್ಲ?

ಒಂದು ಉದಾಹರಣೆ ತಗೋ. ನಮ್ಮ ಹರಿಹರದವರಿಗೆ ಲೇತ್ ಹೊಸದಲ್ಲ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೇ ಹೆಸರಾಗಿತ್ತು. ಅದು ಬಾಗಿಲು ಹಾಕಿದೆ, ಆದರೆ ಲೇತ್ ತಿರುಗುವುದನ್ನು ಯಾವ ವರ್ಕ್‌ಶಾಪಿನಲ್ಲಾದರೂ ನೋಡಬಹುದು. ಲೇತ್‌ನ ಹಿಡಿಕೆಯಾದ ಚಕ್‌ನಲ್ಲಿ 50 ಮಿಲಿಮೀಟರ್ ವ್ಯಾಸದ ಕಬ್ಬಿಣದ ಸರಳು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅನ್ನು. ಅದರ ಅಂಚಿನ ವೇಗ ಎಷ್ಟು?

ಸೂತ್ರ ನಿನಗೆ ಗೊತ್ತು: ವೇಗ = ತ್ರಿಜ್ಯ × ಕೋನೀಯ ವೇಗ. ಅವಸರದಲ್ಲಿ 25ನ್ನು 600ರಿಂದ ಗುಣಿಸಿದರೆ 15,000 ಬರುತ್ತದೆ. ಮುಂದೆ ‘ಸೆಕೆಂಡಿಗೆ ಮೀಟರ್’ ಎಂದು ಬರೆದೆಯೋ, ಕೆಟ್ಟೆ. ಭೂಮಿಯಿಂದ ಪಾರಾಗಲು ಬೇಕಾದ ವಿಮೋಚನಾ ವೇಗವೇ ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್, ನಿನ್ನ ಉತ್ತರ ಅದನ್ನೂ ಮೀರಿತು! ಏಕಮಾನ ಸರಿಮಾಡು. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ 10 ಸುತ್ತು, ಅಂದರೆ 62.8 ರೇಡಿಯನ್. ತ್ರಿಜ್ಯ 0.025 ಮೀಟರ್. ಗುಣಿಸಿದರೆ ಸೆಕೆಂಡಿಗೆ 1.57 ಮೀಟರ್, ಚುರುಕಾಗಿ ನಡೆಯುವವರ ವೇಗ. ಇದು ನಂಬುವಂಥ ಉತ್ತರ.

ಈಗ ಲೇತ್ ನಡೆಸುವ ಟರ್ನರ್ ಸರಳಿನ ತುದಿಯನ್ನು ಸಪಾಟು ಮಾಡಲು ಟೂಲನ್ನು ಅಂಚಿನಿಂದ ನಡುವಿಗೆ ಒಯ್ಯುತ್ತಾನೆ. ಸುತ್ತು ಅಷ್ಟೇ ಇರುತ್ತದೆ, ಕೋನೀಯ ವೇಗವೂ ಅಷ್ಟೇ. ತ್ರಿಜ್ಯ ಮಾತ್ರ ಕಮ್ಮಿಯಾಗುತ್ತಾ ಹೋಗುತ್ತದೆ. ಅರ್ಧ ದಾರಿಯಲ್ಲಿ ವೇಗ ಸೆಕೆಂಡಿಗೆ 0.785 ಮೀಟರ್, ನಟ್ಟನಡುವೆ ಸೊನ್ನೆ. ಅಲ್ಲಿ ಟೂಲ್ ಸರಿಯಾಗಿ ಕಡಿಯುವುದಿಲ್ಲ. ಇದನ್ನೊಮ್ಮೆ ಕಣ್ಣಾರೆ ಕಂಡವಳು ವೇಗಕ್ಕೂ ಕೋನೀಯ ವೇಗಕ್ಕೂ ಗೊಂದಲ ಮಾಡಿಕೊಳ್ಳುವುದಿಲ್ಲ.

ಎಲ್ಲಿ ಸಲ್ಲುತ್ತೀಯ ಎಂಬ ಮೂರನೇ ಪ್ರಶ್ನೆಯನ್ನೇ ಹುಡುಗರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ‘ವಿ ಈಕ್ವಲ್ ಟು ಯು ಪ್ಲಸ್ ಎಟಿ’ ಎಲ್ಲರ ಬಾಯಲ್ಲೂ ಇದೆ. ಆದರೆ ವೇಗೋತ್ಕರ್ಷ ಒಂದೇ ಸಮನಾಗಿದ್ದರೆ ಮಾತ್ರ ಅದು ನಡೆಯುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಗುಂಡು ಜೀಕುವಾಗ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಲ್ಲಿ ಅದನ್ನು ಹಾಕಬೇಡ.

ಸೂತ್ರಗಳು ಲೆಕ್ಕವಿಲ್ಲದಷ್ಟಿವೆ ಎಂದು ಹೆದರಬೇಡ, ಅವು ಒಂದಕ್ಕೊಂದು ನಂಟರು. ಚಲನೆಯ ಮೂರನೇ ಸಮೀಕರಣ ತಗೋ: ವಿ ವರ್ಗ = ಯು ವರ್ಗ + 2ಎಎಸ್. ಯು ವರ್ಗವನ್ನು ಎಡಕ್ಕೆ ತಂದು ಎಲ್ಲವನ್ನೂ ರಾಶಿಯ ಅರ್ಧದಿಂದ ಗುಣಿಸು. ಒಂದು ಕಡೆ ಚಲನ ಶಕ್ತಿಯ ಹೆಚ್ಚಳ, ಇನ್ನೊಂದು ಕಡೆ ಬಲ ಮಾಡಿದ ಕೆಲಸ. ಮುಂದೆ ಬರುವ ಅಧ್ಯಾಯವೊಂದರ ಮುಖ್ಯ ಪ್ರಮೇಯ ಎರಡೇ ಸಾಲಿನಲ್ಲಿ ಕೈಗೆ ಸಿಕ್ಕಿತು. ಹೀಗೆ ನಂಟು ಹುಡುಕುತ್ತಾ ಹೋದರೆ ನೆನಪಿಡಬೇಕಾದದ್ದು ಅರ್ಧಕ್ಕರ್ಧ ಇಳಿಯುತ್ತದೆ.

ನೀನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳಾದರೆ ಇನ್ನೊಂದು ಮಾತು. ಸೂತ್ರದ ಅರ್ಥವನ್ನು ಮೊದಲು ಕನ್ನಡದಲ್ಲೇ ಒಂದು ಸಾಲು ಬರೆದುಕೋ. ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ಅಭ್ಯಾಸದಿಂದ ಬರುತ್ತದೆ, ಅರ್ಥವೇ ಆಗದಿದ್ದರೆ ಯಾವ ಭಾಷೆಯೂ ಕಾಪಾಡುವುದಿಲ್ಲ.

ದಿನಕ್ಕೊಂದು ಅಧ್ಯಾಯ ಸಾಕು. ಪುಸ್ತಕ ಮುಚ್ಚಿಟ್ಟು ಸೂತ್ರಗಳನ್ನು ನೆನಪಿನಿಂದ ಒಂದು ಹಾಳೆಗೆ ಇಳಿಸು. ಪಕ್ಕದಲ್ಲಿ ಏಕಮಾನ, ಅದರ ಪಕ್ಕದಲ್ಲಿ ಷರತ್ತು. ಆಮೇಲೆ ಪುಸ್ತಕ ತೆರೆದು, ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದು, ಅದಕ್ಕೆ ಸಂಬಂಧಿಸಿದ ಎರಡು ಲೆಕ್ಕ ಮಾಡು. ವಾರ ಬಿಟ್ಟು ಕೆಂಪು ಗುರುತಿನವನ್ನಷ್ಟೇ ಮತ್ತೆ ಬರೆ. ಮೂರು ಪ್ರಶ್ನೆಗೂ ಉತ್ತರ ಕೊಡದ ಸೂತ್ರ ಸಿಕ್ಕರೆ ಅದನ್ನು ಹಿಡಿದುಕೊಂಡು ನಾಳೆಯೇ ನಿನ್ನ ಲೆಕ್ಚರರ ಹತ್ತಿರ ಹೋಗು. ಕೇಳುವುದಕ್ಕೆ ಸಂಕೋಚ ಬೇಡ.